ತಾಯಲೂರು ರಸ್ತೆಯಲ್ಲಿ ನಿಂತ ಕಾರು

೧೯೭೯ರ ಬೇಸಿಗೆ. ತಾಯಲೂರು ಇನ್ನೂ ಎರಡು ಮೈಲಿ ಇರುವಾಗ, ಅಲ್ಲಿಗೆ ಹೆರಿಗೆ ಮಾಡಿಸಲು ಹೊರಟಿದ್ದ ಡಾಕ್ಟರ್ ಅನಸೂಯಮ್ಮನವರ ಅಂಬಾಸಿಡರ್ ಕಾರು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಅಶ್ವತ್ಥಪ್ಪ ಎಷ್ಟು ಹೆಣಗಿದರೂ ಸ್ಟಾರ್ಟ್ ಆಗಲಿಲ್ಲ. ಡಾಕ್ಟರು ಬಿಸಿಲಲ್ಲಿ ನಡೆದೇ ಹೋದರು; ಅವರ ಬ್ಯಾಗು ಹೊತ್ತು ಅಶ್ವತ್ಥಪ್ಪನೂ ಹಿಂದೆ ಹೋದ. ಅವರು ಮುಟ್ಟುವಷ್ಟರಲ್ಲಿ ಕದಿರಮ್ಮನ ಸೊಸೆಗೆ ಹೆರಿಗೆಯಾಗಿಹೋಗಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕಾರನ್ನು ಎಳೆಸಿ ತಂದು ಮುಳಬಾಗಿಲಿನ ಕ್ಲಿನಿಕ್ಕಿನ ಅಂಗಳದಲ್ಲಿ ನಿಲ್ಲಿಸಿದ್ದರು. ರೋಗಿಗಳೆಲ್ಲ ನೋಡುತ್ತಿರುವಾಗಲೇ ಡಾಕ್ಟರ ತಮ್ಮ ಸೀತಾರಾಮ ಅಶ್ವತ್ಥಪ್ಪನ ಮೇಲೆ ಎಗರಿಬಿದ್ದ.

"ಕುಡಿದು ಓಡ್ಸಿ ಇಂಜಿನ್ ಹಾಳು ಮಾಡಿದೀಯ ಕಣೋ! ಒಂದು ಮಗು ಪ್ರಾಣ ತಿಂದ್ಯಲ್ಲೋ!"

ಹೆಂಡವನ್ನು ಮೂಸಿಯೂ ನೋಡದ ಅಶ್ವತ್ಥಪ್ಪ ಡಾಕ್ಟರ ಮುಖ ನೋಡಿದ. ಅವರು ಬಾಯಿ ಬಿಡಲಿಲ್ಲ. ಅದೇ ಅವನ ಮೈಗೆ ಬೆಂಕಿ ಹಚ್ಚಿದ್ದು. ಬಾನೆಟ್ ಎತ್ತಿ, ನಾಲ್ಕೂ ಪ್ಲಗ್ ಬಿಚ್ಚಿ ಅವರ ಮುಂದೆ ಹಿಡಿದ.

"ನೋಡಿ ಡಾಕ್ಟ್ರಮ್ಮ. ಇಂಜಿನ್ ಸವೆದಿದ್ರೆ ಇವು ಎಣ್ಣೆ ಹತ್ತಿ ಜಿಡ್ಡಾಗಿರ್ತಿದ್ವು. ಇದು ಒಣ ಮಸಿ, ತಪ್ಪು ಪೆಟ್ರೋಲ್‌ದು. ಹದಿನೈದು ದಿನದಿಂದ ಏರು ಹತ್ತುವಾಗ ಕಟಕಟ ಅಂತೈತೆ, ಆಫ್ ಮಾಡಿದ್ರೂ ಒದರ್ತಾನೇ ಇರ್ತೈತೆ. ನಿಮ್ಮ ತಮ್ಮನೋರಿಗೆ ಹೇಳ್ದೆ, ಕಿವಿಗೇ ಹಾಕ್ಕೊಳ್ಳಲಿಲ್ಲ."

ಕಾರಿನ ಪೆಟ್ರೋಲ್ ಪೈಪ್ ಕಳಚಿ ಒಂದು ಪೇಪರಿನ ಮೇಲೆ ನಾಲ್ಕು ಹನಿ ಬಿಟ್ಟ. ಬಿಸಿಲಿಗೆ ಒಣಗಿದ ಮೇಲೂ ಜಿಡ್ಡಿನ ಕಲೆ ಉಳಿಯಿತು. ಡಾಕ್ಟರು ಬಗ್ಗಿ ಮೂಸಿದರು.

"ಸೀಮೆಎಣ್ಣೆ!"

ಕಾರಿಗೆ ಪೆಟ್ರೋಲ್ ಹಾಕಿಸುವುದು ಸೀತಾರಾಮನ ಕೆಲಸ. "ಬಂಕಿನೋರೇ ಬೆರೆಸಿರ್ಬೇಕು ಅಕ್ಕ" ಎಂದ.

"ನಿಮ್ಮ ಬುಲೆಟ್‌ಗೂ ಅಲ್ಲೇ ಅಲ್ವಾ ಸ್ವಾಮಿ ಹಾಕ್ಸೋದು?" ಎಂದ ಅಶ್ವತ್ಥಪ್ಪ, ಉತ್ತರಕ್ಕೆ ಕಾಯದೆ ಪಕ್ಕದಲ್ಲೇ ನಿಂತಿದ್ದ ಬುಲೆಟ್‌ನಿಂದ ಇನ್ನೊಂದು ಪೇಪರಿಗೆ ಹನಿ ಬಿಟ್ಟ. ಅದು ಗುರುತೇ ಇಲ್ಲದಂತೆ ಆರಿಹೋಯಿತು.

"ನನ್ನ ಕಾರಿನ ಪೆಟ್ರೋಲ್ ನಿನ್ನ ಬೈಕಿಗೆ ಇಳಿಸ್ಕೊಂಡು, ಇದಕ್ಕೆ ಸೀಮೆಎಣ್ಣೆ ತುಂಬಿದ್ಯಾ?" ಎಂದರು ಡಾಕ್ಟರು.

"ಸ್ವಲ್ಪ ಅಕ್ಕ... ಮೀಟರ್ ಮುಳ್ಳು ಇಳೀಬಾರ್ದು ಅಂತ..."

ಅವರ ಕೈ ಅವನ ಕೆನ್ನೆಗೆ ಬಿತ್ತು. "ಸ್ವಲ್ಪ! ಮನೆ ಬಿಟ್ಟು ತೊಲಗು!" ಆಮೇಲೆ ಅಶ್ವತ್ಥಪ್ಪನ ಕಡೆ ತಿರುಗಿದರು. "ತಪ್ಪಾಯ್ತು ಕಣಪ್ಪ. ನೀನು ಎಲ್ಲೂ ಹೋಗ್ಬೇಡ."

"ನಾಲ್ಕು ಜನದ ಮುಂದೆ ಕುಡುಕ ಅಂದಾಗ ಸುಮ್ಮನಿದ್ರಿ. ನಿನ್ನೆ ತಾಯಲೂರಲ್ಲಿ ಕದಿರಮ್ಮ ಮಣ್ಣು ತೂರಿ ನನಗೆ ಶಾಪ ಹಾಕಿದ್ಲು. ಮೊದಲು ಅವಳ ಹತ್ರ ಬಂದು ನಿಜ ಹೇಳಿ."

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ತಾಯಲೂರಿಗೆ ಹೋದರು. ಜಗಲಿಯ ಮುಂದೆ ಡಾಕ್ಟರು ಕೈಮುಗಿದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಕದಿರಮ್ಮ ಕೊನೆವರೆಗೂ ಕೇಳಿದಳು.

"ಆ ನಿಮ್ಮ ತಮ್ಮನ್ನ ಎಳ್ಕೊಂಡು ಬರ್ಬೇಕಿತ್ತಮ್ಮ. ನೀವು ಕೈಮುಗಿದ್ರೆ ನನಗೇನು ಬಂತು?" ಎಂದಳು. ಅಶ್ವತ್ಥಪ್ಪನಿಗೆ ಮಾತ್ರ, "ನಿನ್ನ ಸುಮ್ಸುಮ್ನೆ ಬೈದ್ಬಿಟ್ನಲ್ಲಪ್ಪ" ಎಂದು ಬಾಗಿಲು ಹಾಕಿಕೊಂಡಳು.

ಅಶ್ವತ್ಥಪ್ಪ ಎರಡು ದಿನ ಕೂತು ಟ್ಯಾಂಕು ತೊಳೆದು, ಕಾರನ್ನು ಸರಿಮಾಡಿ ನಿಲ್ಲಿಸಿದ. ಡಾಕ್ಟರು ಎಷ್ಟು ಕೇಳಿಕೊಂಡರೂ ಉಳಿಯಲಿಲ್ಲ. ಆ ವಾರವೇ ಶ್ರೀನಿವಾಸಪುರದ ಮಾವಿನ ಲಾರಿಯೊಂದಕ್ಕೆ ಡ್ರೈವರಾಗಿ ಸೇರಿಕೊಂಡ.