ಗೌಂಡಿ ಮನೆಯ ಸೊಟ್ಟ ಡಿಶ್

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೈನಸ್ ಐವತ್ತೇಳು ಎಂಬ ಅಂಕಿ ಮೂಡಿದಾಗ ಅಂಬಿಕಾಗೆ, ಇಷ್ಟೇ ತಾನೇ ಎನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ. ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಆ ಅಂಕಿ ಒಂದೂವರೆ ತಾಸು ಕೂಡ ನಿಲ್ಲಲಿಲ್ಲ.

ಫಾತೋರ್ಡಾದ ನಾಲ್ಕಂತಸ್ತಿನ ಕಟ್ಟಡವೊಂದರ ತಾರಸಿಯಲ್ಲಿ ಒಂದು ಡಿಶ್. ಮೋತಿ ಡೊಂಗರ್ ಗುಡ್ಡದ ಮೇಲೆ, ಅವಳ ಅಪ್ಪ ಯಮನೂರಪ್ಪನ ಮನೆಯ ತಾರಸಿಯಲ್ಲಿ ಇನ್ನೊಂದು. ನಡುವೆ ನೇರ ಗೆರೆಯಲ್ಲಿ ಎರಡೂವರೆ ಕಿಲೋಮೀಟರು, ಮಡಗಾಂವಿನ ಅರ್ಧ ಊರು. ವೈರಿಲ್ಲ. ಒಂದು ಡಿಶ್ಶಿನ ಮುಖವನ್ನು ಇನ್ನೊಂದು ನೋಡಬೇಕು. ನೋಡಿದರೆ ಇಂಟರ್‌ನೆಟ್ ಗುಡ್ಡ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಮೈನಸ್ ಪಕ್ಕದ ಅಂಕಿ ಸಣ್ಣದಾದಷ್ಟೂ ಸಿಗ್ನಲ್ ಗಟ್ಟಿ. ಐವತ್ತೇಳು ಚೆನ್ನಾಗಿದೆ ಎಂದೇ ಲೆಕ್ಕ. ಎಂಬತ್ತು ದಾಟಿದರೆ ಲೈನು ಸತ್ತಂತೆ.

ಫಾತೋರ್ಡಾದ ಕಟ್ಟಡದಲ್ಲೇ ಸಂತಾನ್ ಅವರ ಇಂಟರ್‌ನೆಟ್ ಕಚೇರಿ. ಅಂಬಿಕಾ ಅಲ್ಲಿ ನಾಲ್ಕು ವರ್ಷದಿಂದ ಫೋನಿನ ಮುಂದೆ ಕೂತು ಕೊಂಕಣಿ, ಹಿಂದಿ, ಕನ್ನಡ ಮೂರರಲ್ಲೂ ಬೈಗುಳ ಕೇಳಿಸಿಕೊಂಡವಳು. ಐಟಿಐ ಮುಗಿಸಿದ್ದಳು, ಆದರೆ ಏಣಿ ಹತ್ತುವ ಕೆಲಸ ಅವಳಿಗೆ ಕೊಟ್ಟಿರಲಿಲ್ಲ. ಈಗ ಗುಡ್ಡದ ಮೇಲಿನ ಮೂವತ್ತು ಮನೆಗಳವರು ಕನೆಕ್ಷನ್ ಕೇಳಿದ್ದರು. ಅಲ್ಲಿನ ಸಂದಿಗಳಲ್ಲಿ ಕೇಬಲ್ ಎಳೆದರೆ ಒಂದು ಮಳೆಗಾಲ ಕೂಡ ಬಾಳುವುದಿಲ್ಲ, ಹಾಗಾಗಿ ಡಿಶ್. ಸಂತಾನ್ ಅಳೆದು ತೂಗಿ ಹೇಳಿದ್ದರು: ಇವತ್ತು ಸಂಜೆ ಆರಕ್ಕೆ ಲೈನು ಬಂದಿರಬೇಕು, ನಾಳೆ ಸಂಜೆ ಆರರವರೆಗೆ ಒಮ್ಮೆಯೂ ಬೀಳಬಾರದು. ಬೀಳದಿದ್ದರೆ ಗುಡ್ಡದ ಕೆಲಸ ಪೂರ್ತಿ ನಿನ್ನದು. ಬಿದ್ದರೆ ವಾಸ್ಕೋದ ಹುಡುಗರನ್ನು ಕರೆಸುತ್ತೇನೆ, ನೀನು ಫೋನ್ ಎತ್ತು.

ಸೆಟ್ಟಿಂಗು ಅವಳಿಗೆ ಬಾಯಿಪಾಠವಾಗಿತ್ತು. ಡಬ್ಬಿಯಿಂದ ಬಂದ ಎರಡೂ ಡಿಶ್‌ಗಳಿಗೆ ಒಂದೇ ಐಪಿ ವಿಳಾಸ ಇರುತ್ತದೆ. ಒಂದನ್ನು ಬದಲಿಸದಿದ್ದರೆ ಎರಡೂ ಕಚ್ಚಾಡುತ್ತವೆ. ಅದನ್ನು ಹಿಂದಿನ ದಿನವೇ ಮೇಜಿನ ಮೇಲಿಟ್ಟು ಮಾಡಿದ್ದಳು. ಫಾತೋರ್ಡಾದ್ದು ಕೊಡುವ ತುದಿ, ಗುಡ್ಡದ್ದು ತೆಗೆದುಕೊಳ್ಳುವ ತುದಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ದೇಶ: ಭಾರತ.

ಬೆಳಿಗ್ಗೆ ಎಂಟಕ್ಕೆ ಗುಡ್ಡದ ಡಿಶ್ ಕಟ್ಟಿದಳು. ಕಬ್ಬಿಣದ ಕಂಬವನ್ನು ಹಿಂದಿನ ವಾರ ಯಮನೂರಪ್ಪನೇ ನಿಲ್ಲಿಸಿ ಸಿಮೆಂಟು ಹಾಕಿದ್ದ. ನಲವತ್ತು ವರ್ಷದ ಕೆಳಗೆ ಹುನಗುಂದದ ಕಡೆಯಿಂದ ಬಂದು, ಮಡಗಾಂವಿನಲ್ಲಿ ಎಷ್ಟೋ ಕಟ್ಟಡ ಎಬ್ಬಿಸಿದ ಗೌಂಡಿ ಅವನು. ಕಂಬ ಒಂದು ನೂಲೂ ಆಚೀಚೆ ಇರಲಿಲ್ಲ. ಡಿಶ್ ಮಾತ್ರ ಫಾತೋರ್ಡಾದ ಕಡೆಗೆ ಎಡಕ್ಕೆ ತಿರುಗಿ, ತುಸು ಕೆಳಕ್ಕೆ ಬಾಗಿ ಕೂತಿತು. ಪಕ್ಕದ ತಾರಸಿಯಲ್ಲಿ ಹಲ್ಲುಜ್ಜುತ್ತಿದ್ದ ಕೇಶಪ್ಪ, ಅವನೂ ಗೌಂಡಿಯೇ, ನೊರೆ ಉಗುಳಿ ಕೇಳಿದ:

"ಏನವ್ವಾ ಅಂಬಿಕಾ, ತಾಟು ಒಣಗಾಕ ಇಟ್ಟೀಯೇನು?"

"ಇಂಟರ್‌ನೆಟ್ ರೀ ಕಾಕಾ."

"ಇರ್ಲಿ ಇರ್ಲಿ. ನಿಮ್ಮಪ್ಪಗ ತೋರ್ಸು ಮೊದ್ಲ."

ಅಪ್ಪ ಚಹಾ ಕುಡಿಯುತ್ತಿದ್ದ. ಹೊರಡುವ ಅವಸರದಲ್ಲಿ ಅಂಬಿಕಾ ಹೇಳಿದ್ದು ಒಂದೇ ಮಾತು: "ಅಪ್ಪಾ, ವೈರ್ ಮುಟ್ಟಬ್ಯಾಡ."

ಫಾತೋರ್ಡಾಕ್ಕೆ ಬಂದು ಆ ತುದಿಯ ಡಿಶ್ಶನ್ನು ಗುಡ್ಡಕ್ಕೆ ಗುರಿ ಹಿಡಿದಳು. ಐವತ್ತೇಳು ಬಂತು. ಕೆಳಗಿಳಿದು ಸಂತಾನ್ ಅವರಿಗೆ ತೋರಿಸಿದಳು. ಅವರು ತಲೆಯಾಡಿಸಿದರು. ಹನ್ನೊಂದೂ ಮೂವತ್ತೆಂಟಕ್ಕೆ ಅಂಕಿ ಎಂಬತ್ತೆರಡಾಯಿತು.

ಮೊದಲು ಪಕ್ಕದ ಕಟ್ಟಡದವರ ವೈಫೈ ಅಡ್ಡ ಬರುತ್ತಿದೆ ಎಂದುಕೊಂಡು ಚಾನೆಲ್ ಬದಲಿಸಿದಳು. ಎಂಬತ್ತೆರಡು. ಇನ್ನೊಂದು ಚಾನೆಲ್. ಎಂಬತ್ತಮೂರು. ಡಿಶ್ ಆರಿಸಿ ಹಚ್ಚಿದಳು. ಕೇಬಲ್ ತುದಿಯ ಪ್ಲಗ್ ಕತ್ತರಿಸಿ ಹೊಸದು ಹಾಕಿದಳು; ಎಂಟು ಬಣ್ಣದ ಎಳೆಗಳನ್ನು ಸಾಲಾಗಿ ಹಿಡಿಯುವಾಗ ಬೆವರಿಗೆ ಬೆರಳು ಜಾರಿ ಎರಡು ಪ್ಲಗ್ ಹಾಳಾದವು. ಮೂರನೆಯದು ಸರಿ ಕೂತಿತು. ಎಂಬತ್ತೆರಡು. ತಾರಸಿಯ ನೆಲ ಚಪ್ಪಲಿಯೊಳಗಿಂದ ಸುಡುತ್ತಿತ್ತು. ಬಿಸಿಲಿಗೆ ಪರದೆ ಕಾಣದೆ, ಓಢಣಿಯನ್ನು ತಲೆಯ ಮೇಲಿಂದ ಲ್ಯಾಪ್‌ಟಾಪಿಗೂ ಹೊದಿಸಿ ಒಳಗೆ ಇಣುಕಿ ನೋಡಿದಳು. ಸಂತಾನ್ ಎರಡು ಸಲ ಮೇಲೆ ಬಂದು "ಕಿತೆಂ ಜಾಲೆಂ?" ಎಂದರು. ಏನಾಯಿತೆಂದು ಅವಳಿಗೇ ಗೊತ್ತಿದ್ದರೆ ತಾನೇ.

ಒಂದೂವರೆಗೆ ಗುಡ್ಡಕ್ಕೆ ಹೋದಳು. ತಾರಸಿ ಹತ್ತಿ ನೋಡಿದರೆ ಡಿಶ್ ಬೆಳಿಗ್ಗೆ ಇದ್ದಂತೆ ಇರಲಿಲ್ಲ. ಗಾಳಿಗೆ ತಿರುಗಿದೆ. ತಪ್ಪು ತನ್ನದೇ: ಆಮೇಲೆ ಸರಿಮಾಡಲು ಬೇಕಾಗುತ್ತದೆಂದು ಬೋಲ್ಟನ್ನು ಬರೀ ಕೈಯಿಂದ ತಿರುಗಿಸಿ ಬಿಟ್ಟಿದ್ದಳು. ಬಾಗಿಸಿ ತಿರುಗಿಸಿ ಐವತ್ತೆಂಟಕ್ಕೆ ತಂದಳು. ಬಿಗಿ ಮಾಡಲು ಪಾನಾ ಹುಡುಕಿದರೆ ಅದು ಫಾತೋರ್ಡಾದ ತಾರಸಿಯಲ್ಲಿ ಉಳಿದಿತ್ತು.

ಅಪ್ಪ ಕೆಳಗಿನಿಂದ ಊಟಕ್ಕೆ ಕರೆದ. ನಿಂತೇ ಒಂದು ರೊಟ್ಟಿ ತಿಂದಳು.

"ಕೂತು ತಿನ್ನು. ಏನು ರೈಲು ಹಿಡಿಯೂದೈತೇನು?"

"ಆರಕ್ಕ ಆಗಬೇಕಪ್ಪಾ. ಅಷ್ಟ."

"ಕೆಲಸ ಅವಸರ ಮಾಡಿದ್ರ ಸೊಟ್ಟ ಆಗ್ತೈತಿ," ಎಂದ ಯಮನೂರಪ್ಪ, ಪುಂಡಿಪಲ್ಲೆ ಬಡಿಸುತ್ತ. ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ಯಾವಾಗಲೂ ಅನ್ನುವ ಮಾತು ಅದು.

ಪಾನಾ ತರಲು ಹೋಗಿ ಫಾತೋರ್ಡಾ ಮುಟ್ಟಿದ ಹತ್ತು ನಿಮಿಷಕ್ಕೆ, ಎರಡೂ ನಲವತ್ತೇಳಕ್ಕೆ, ಮತ್ತೆ ಎಂಬತ್ತೆರಡು. ಮತ್ತೆ ಸ್ಕೂಟರು, ಮಾರ್ಕೆಟ್ಟಿನ ಟ್ರಾಫಿಕ್ಕು, ಗುಡ್ಡದ ಮೆಟ್ಟಿಲು. ಡಿಶ್ ಮತ್ತೆ ತಿರುಗಿತ್ತು. ಈ ಸಲ ಪಾನಾ ಹಿಡಿದು ಬೋಲ್ಟನ್ನು ಕಿರ್ ಎನ್ನುವವರೆಗೆ ಬಿಗಿ ಮಾಡಿದಳು. ಸಾಲದೆಂದು, ಬೋಲ್ಟಿಗೆ ಇನ್ನೊಂದು ವಾಷರು ಹಾಕಬೇಕೆಂದು ಗುಡ್ಡದ ಬುಡದ ಹಾರ್ಡ್‌ವೇರ್ ಅಂಗಡಿಗೆ ಇಳಿದಳು. ಅಂಗಡಿಯವನು ವಾಷರು ಹುಡುಕುತ್ತಿದ್ದಾಗ ಅವಳ ಫೋನು ಗುಂಯ್ ಎಂದಿತು. ನಾಲ್ಕೂ ಮೂವತ್ತೈದು. ಮೈನಸ್ ಎಂಬತ್ತೊಂದು.

ಅವಳಿಗೆ ಅಳುವಷ್ಟು ಸಿಟ್ಟು ಬಂತು. ವಾಸ್ಕೋದ ಹುಡುಗರ ಮುಖ ಕಣ್ಣ ಮುಂದೆ ಬಂತು. ಅವರು ಬಂದು, ಮೂಗಿನಲ್ಲೇ ನಕ್ಕು, ಹತ್ತು ನಿಮಿಷದಲ್ಲಿ ಸರಿಮಾಡಿ ಹೋಗುತ್ತಾರೆ. ನಾಳೆಯಿಂದ ಮತ್ತೆ ಫೋನು: ಹಲೋ, ನಿಮ್ಮ ಕಂಪ್ಲೇಂಟ್ ನಂಬರ್ ಹೇಳ್ರಿ.

ಅಂಗಡಿಯ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಡಿಶ್ಶಿನ ದಾಖಲೆ ತೆರೆದಳು. ದಿನದ ಗ್ರಾಫಿನಲ್ಲಿ ಮೂರು ಗುಂಡಿ: 11:38, 2:47, 4:35. ಗಾಳಿಗೆ ತಿರುಗಿದ್ದರೆ ಗೆರೆ ಮೆಲ್ಲಗೆ ಇಳಿಯಬೇಕಿತ್ತು. ಮೂರೂ ಕಡೆ ಅದು ಗೋಡೆಯಂತೆ ನೆಟ್ಟಗೆ ಬಿದ್ದಿತ್ತು. ಇನ್ನೊಂದು ಸಂಗತಿಯೂ ಕಂಡಿತು. ತಾನು ಗುಡ್ಡದ ತಾರಸಿಯಲ್ಲಿದ್ದಾಗ ಲೈನು ಒಮ್ಮೆಯೂ ಬಿದ್ದಿಲ್ಲ. ಮೂರು ಸಲವೂ ಬಿದ್ದದ್ದು ತಾನು ಅತ್ತ ಹೋದ ಮೇಲೆ. ಪಾನಾ ಹಾಕಿ ಬಿಗಿ ಮಾಡಿದ ಬೋಲ್ಟು ತಾನಾಗಿ ತಿರುಗುವುದಿಲ್ಲ. ಇನ್ನೊಂದು ಪಾನಾ ಬೇಕು.

ವಾಷರನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು.

ತಾರಸಿಯಲ್ಲಿ ಯಮನೂರಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತಿದ್ದ. ಎಡಗೈಯಲ್ಲಿ ಗೋಡೆಯ ನೇರ ನೋಡುವ ತೂಗುಗುಂಡಿನ ದಾರ. ಹಿತ್ತಾಳೆಯ ಗುಂಡು ಡಿಶ್ಶಿನ ಅಂಚಿಗೆ ನೇತಾಡಿ, ತಿರುಗಿ, ನಿಲ್ಲುತ್ತಿತ್ತು. ಧೋತರದ ಸೊಂಟದಲ್ಲಿ ಪಾನಾ. ಗೋಡೆಗೆ ಒರಗಿಸಿದ ಮೂಲೆಮಟ್ಟ. ಒಂದು ಕಣ್ಣು ಮುಚ್ಚಿ ದಾರ ನೋಡುತ್ತಿದ್ದವನು ಹೆಜ್ಜೆಯ ಸಪ್ಪಳಕ್ಕೆ ತಿರುಗದೆಯೇ ಹೇಳಿದ:

"ಬಾ, ನೋಡು. ಈಗ ನೂಲಿಗೆ ಬಂತು. ಗ್ವಾಡಿಗೂ ಮೂಲಿಮಟ್ಟ ಹಚ್ಚಿ ನೋಡೇನಿ, ಸರಳ ಐತಿ."

ಅಂಬಿಕಾಳ ಕಣ್ಣು ಅವನ ಸೊಂಟದ ಪಾನಾದ ಮೇಲೆ ನಿಂತಿತು.

"ಮೂರ್ ಸಲ ನೆಟ್ಟಗ ಮಾಡೇನವ್ವಾ," ಎಂದ ಅಪ್ಪ, ಅವನ ದನಿಯಲ್ಲೂ ಬೇಸರವಿತ್ತು. "ನಾ ಮಾಡ್ತೇನಿ, ಮತ್ತ ಸೊಟ್ಟ ಆಗ್ತೈತಿ. ನಾ ಮಾಡ್ತೇನಿ, ಮತ್ತ ಸೊಟ್ಟ. ನಿಮ್ಮ ಕಂಪನಿ ಬೋಲ್ಟ್ ಚಲೋ ಇಲ್ಲ ಕಾಣ್ತೈತಿ."

ಅವಳು ತಾರಸಿಯ ಕಟ್ಟೆಯ ಮೇಲೆ ಕೂತಳು. "ಸೊಟ್ಟ ಮಾಡಾಕಿ ನಾನಪ್ಪಾ. ಬೆಳಗಿಂದ ನಾ ಬಿಸಿಲಾಗ ಸಾಯಾಕತ್ತೇನಿ. ಕೆಲಸ ಹೋಗ್ತೈತಿ ನಂದು. ಯಾರು ಹೇಳಿದ್ರು ನಿನಗ ಇದನ್ನ ಮುಟ್ಟು ಅಂತ?"

"ವೈರ್ ಮುಟ್ಟಬ್ಯಾಡ ಅಂದಿ. ವೈರ್ ಮುಟ್ಟಿಲ್ಲ."

ಅದು ನಿಜವಾಗಿತ್ತು, ಹಾಗಾಗಿ ಇನ್ನೂ ಸಿಟ್ಟು ಬಂತು.

ಪಕ್ಕದ ತಾರಸಿಯಿಂದ ಕೇಶಪ್ಪನ ತಲೆ ಎದ್ದಿತು. "ಮತ್ತ ಸೊಟ್ಟ ಆತೇನೋ ಯಮನೂರಪ್ಪಾ? ಕಣ್ಣಿನ ಪೊರಿ ತಗಸ್ಕೋ ಅಂತ ನಾ ಹೇಳಾಕತ್ತು ಎರಡ್ ವರ್ಷ ಆತು."

ಯಮನೂರಪ್ಪ ದಾರವನ್ನು ಗುಂಡಿನ ಸುತ್ತ ಸುತ್ತಿದ. ಅವನ ಮುಖ ನೋಡಿ ಅಂಬಿಕಾಗೆ ದಿನವಿಡೀ ಈ ತಾರಸಿಯಲ್ಲಿ ಏನು ನಡೆದಿತ್ತೆಂದು ಅರ್ಥವಾಯಿತು. ಗುಡ್ಡದಲ್ಲಿ ಅರ್ಧ ಮನೆಗಳು ಗೌಂಡಿಗಳವು. ಈ ಮನುಷ್ಯನ ಮನೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಒಂದು ವಸ್ತು ಸೊಟ್ಟಗೆ ನಿಂತಿತ್ತು.

ಆದರೆ ಗಡಿಯಾರ ನಾಲ್ಕೂ ಐವತ್ತೆಂಟು ತೋರಿಸುತ್ತಿತ್ತು. ಕನಿಕರಪಡಲು ಹೊತ್ತಿರಲಿಲ್ಲ.

"ಅಪ್ಪಾ, ಬಚ್ಚಲಮನಿ ನೆಲ ನೀ ಸಪಾಟ ಮಾಡ್ತಿಯೇನು?"

"ಹುಚ್ಚಿ ಅದೀಯೇನು? ಸಪಾಟ ಮಾಡಿದ್ರ ನೀರು ನಿಂದರ್ತೈತಿ. ಸ್ಲೋಪ್ ಕೊಡಬೇಕು."

"ಯಾವ ಕಡೆ?"

"ನೀರು ಹೋಗೋ ತೂತಿನ ಕಡೆ."

ಅಂಬಿಕಾ ಕೈ ಚಾಚಿ, ತೆಂಗಿನ ತಲೆಗಳ ಆಚೆ, ಫಾತೋರ್ಡಾದ ಕಟ್ಟಡಗಳ ಸಾಲು ತೋರಿಸಿದಳು. "ನಮ್ಮ ಆಫೀಸಿನ ನೀಲಿ ಟಾಕಿ ಕಾಣ್ತೈತಲ್ಲ? ಇದರ ತೂತು ಅಲ್ಲೈತಿ. ನಿನ್ನ ಗ್ವಾಡಿಗಿ ಅಲ್ಲ, ಅದಕ್ಕ ಸರಳ ಇರಬೇಕು ಇದು."

ಯಮನೂರಪ್ಪ ನೀಲಿ ಟಾಕಿ ನೋಡಿದ. ಡಿಶ್ ನೋಡಿದ. ಮತ್ತೆ ಟಾಕಿ ನೋಡಿದ.

"ಇದನ್ನ ಮುಂಜಾನೆ ಹೇಳಾಕ ಏನಾಗಿತ್ತು ನಿನಗ?"

ನಾಲ್ಕು ವರ್ಷ ಅಪರಿಚಿತರಿಗೆಲ್ಲ ಒಂದೊಂದು ಬಟನ್ನೂ ವಿವರಿಸಿದವಳು, ಮನೆಯವನಿಗೆ ನಾಲ್ಕು ಮಾತು ಹೇಳಿರಲಿಲ್ಲ.

ಅವನೇ ಸೊಂಟದ ಪಾನಾ ತೆಗೆದ. ಅವಳು ಅಂಕಿ ಓದಿದಳು, ಅವನು ತಿರುಗಿಸಿದ. ಎಂಬತ್ತು. ಎಪ್ಪತ್ತೊಂದು. ಅರವತ್ತಾರು. "ಎಷ್ಟ ಬೇಕು?" "ಐವತ್ತೇಳು ಸಾಕು." ಐವತ್ತೆಂಟು ಬಂದಾಗ ಅವಳು ಸಾಕೆಂದಳು, ಅವನು ನಿಲ್ಲಿಸಲಿಲ್ಲ. ಬೋಲ್ಟನ್ನು ಕೂದಲೆಳೆಯಷ್ಟು ಸಡಿಲಿಸಿ, ಅಂಗೈಯಿಂದ ಡಿಶ್ಶಿನ ಅಂಚನ್ನು ತಟ್ಟಿದ, ಇಟ್ಟಿಗೆ ಕೂರಿಸುವಾಗ ಕರಣಿಯ ಹಿಡಿಯಿಂದ ತಟ್ಟುವ ಹಾಗೆ. ಐವತ್ತಾರು. ಇನ್ನೊಮ್ಮೆ ತಟ್ಟಿದ. ಐವತ್ತಮೂರು.

ಅವಳು ಅಷ್ಟು ಒಳ್ಳೆಯ ಅಂಕಿಯನ್ನು ಇಡೀ ದಿನ ಕಂಡಿರಲಿಲ್ಲ. ಅದೂ ಒಂದು ಹೊಟ್ಟೆಯುರಿ.

ಬಿಗಿ ಮಾಡಿದ ಮೇಲೆ ಯಮನೂರಪ್ಪ ಕಿವಿಯ ಸಂದಿಯ ಪೆನ್ಸಿಲು ತೆಗೆದು, ಕಂಬ ಮತ್ತು ಕ್ಲಾಂಪಿನ ಮೇಲೆ ಹಾಯುವಂತೆ ಒಂದು ಗೆರೆ ಎಳೆದ. "ಈ ಗೆರಿ ತುಂಡಾತಂದ್ರ ಯಾರೋ ಮುಟ್ಯಾರ ಅಂತ ತಿಳ್ಕೊ."

ಐದೂ ನಲವತ್ತಕ್ಕೆ ಸಂತಾನ್ ಫೋನು ಮಾಡಿದರು. ಲೈನು ಬಂದಿದೆ, ಆದರೆ ಈ ಮೂರು ಗುಂಡಿ ಯಾಕೆ ಎಂದು ಕೇಳಿದರು. ಗಾಳಿ ಎನ್ನಬಹುದಿತ್ತು. ಕೆಟ್ಟ ಬೋಲ್ಟು ಎನ್ನಬಹುದಿತ್ತು. ಅಪ್ಪ ಅಲ್ಲೇ ನಿಂತಿದ್ದ.

"ಡಿಶ್ ಓರೆಯಾಗಿ ಇರಬೇಕು ಅಂತ ಮನೆಯವರಿಗೆ ನಾನು ಹೇಳಿರಲಿಲ್ಲ ಸರ್," ಎಂದಳು ಕೊಂಕಣಿಯಲ್ಲಿ. "ಅವರು ಮೂರು ಸಲ ನೆಟ್ಟಗೆ ಮಾಡಿದರು. ತಪ್ಪು ನನ್ನದು."

ಸಂತಾನ್, ಆರರಿಂದ ಎಣಿಸುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟರು.

ಮರುದಿನವಿಡೀ ಯಮನೂರಪ್ಪ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ, ಡಿಶ್ಶಿಗೆ ಬೆನ್ನು ಮಾಡಿ. ನೋಡಿದರೆ ಕೈ ಹೋಗುತ್ತದೆ ಎಂದ. ಕೇಶಪ್ಪ ಎರಡು ಸಲ ಏನೋ ಕೇಳಿದ. "ಸೊಟ್ಟ ಅಲ್ಲಲೇ, ಸ್ಲೋಪ್" ಎಂಬ ಉತ್ತರ ಕೆಳಗಿನ ಓಣಿಯವರೆಗೂ ಕೇಳಿಸಿತು.

ಸಂಜೆ ಆರಕ್ಕೆ ಗ್ರಾಫಿನ ಗೆರೆ ಒಂದು ಕಡೆಯೂ ಮುರಿದಿರಲಿಲ್ಲ. ಸಂತಾನ್ ಮೂವತ್ತು ಮನೆಗಳ ಪಟ್ಟಿ ಅವಳ ಮುಂದಿಟ್ಟರು. ಇನ್ನು ಆ ಮನೆಗಳ ತಾರಸಿಗಳಲ್ಲೆಲ್ಲ ಸಣ್ಣ ಡಿಶ್‌ಗಳು ಯಮನೂರಪ್ಪನ ಮನೆಯ ಕಂಬದ ಕಡೆ ಮುಖ ಮಾಡಿ ಕೂರಬೇಕು, ಒಂದೊಂದೂ ಒಂದೊಂದು ಓರೆಯಲ್ಲಿ.

ರಾತ್ರಿ ಊಟಕ್ಕೆ ಕೂತಾಗ ಅಂಬಿಕಾ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಯಮನೂರಪ್ಪ ಬೆರಳು ಮಡಚುತ್ತ ಹೋದ.

"ಹದಿನೆಂಟು ಮನಿ ಗೌಂಡಿಗಳದಾವು," ಎಂದ. "ನೀ ಹೇಳಿದ್ರ ಕೇಳಂಗಿಲ್ಲ ಅವರು. ನಾ ಬರ್ತೇನಿ."

ಅಂಬಿಕಾ ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಮಾತು ಖರೇ ಇತ್ತು. ಕೆಲಸ ಅವಳದು, ಐಟಿಐ ಅವಳದು, ಪಟ್ಟಿಯ ಮೇಲಿನ ಹೆಸರೂ ಅವಳದೇ. ಆದರೂ ಹದಿನೆಂಟು ತಾರಸಿಗಳ ಮೇಲೆ ಅವಳ ಮಾತು ನಿಲ್ಲಬೇಕಾದರೆ ಪಕ್ಕದಲ್ಲಿ ತೂಗುಗುಂಡು ಹಿಡಿದ ಮುದುಕನೊಬ್ಬ ನಿಂತಿರಬೇಕು.

"ಬಾ," ಎಂದಳು. "ಗುಂಡು ಮನ್ಯಾಗ ಬಿಟ್ಟು ಬಾ."