ಅಂಬಪ್ಪನ ಬರಿ ಉಡಿ

ಗುರುಗುಂಟಾದಲ್ಲಿ ಅಂಬಪ್ಪನ ಹೋರಿಗಿದ್ದ ಮರ್ಯಾದೆ ಅಂಬಪ್ಪನಿಗೇ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಆಕಳು ಹೊಡೆದುಕೊಂಡು ಬಂದವರು ಮೊದಲು ಹೋರಿಗೆ ಕೈಮುಗಿದು, ಆಮೇಲೆ ಇವನನ್ನು ಮಾತಾಡಿಸುತ್ತಿದ್ದರು. ಕರುವಿನ ಬಣ್ಣ, ಕೊಂಬು, ನಡಿಗೆ ಎಲ್ಲಾ ಹೋರಿಯದೇ ಎಂದು ಅಂಬಪ್ಪ ಮೀಸೆ ತಿರುವುತ್ತಿದ್ದ.

ಅಂಥವನು, ಮೂರನೆಯದೂ ಹೆಣ್ಣಾಯಿತೆಂದು ಹೆಂಡತಿ ಗದ್ದೆಮ್ಮನನ್ನು ಮಕ್ಕಳ ಸಮೇತ ಮುದಗಲ್ಲಿನ ತವರಿಗೆ ಅಟ್ಟಿದ್ದ. ಕೂಸನ್ನಿನ್ನೂ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿರಲಿಲ್ಲ. ತವರಿಗೆ ಹೊರಟವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಕಳಿಸುವುದು ಪದ್ಧತಿ. ಓಣಿಯ ಹೆಂಗಸರು ಮೊರ ಹಿಡಿದು ಬಂದಾಗ ಅಂಬಪ್ಪ ಅಡ್ಡ ನಿಂತ. "ಆಕಿ ಉಡ್ಯಾಗ ಏನು ಹಾಕಿದ್ರೂ ಹೆಣ್ಣ ಆಗ್ತೈತಿ, ಒಂದು ಕಾಳೂ ಹಾಕಬ್ಯಾಡ್ರಿ" ಎಂದ. ಗದ್ದೆಮ್ಮ ಬರಿ ಉಡಿಯಲ್ಲಿ ಬಂಡಿ ಹತ್ತಿದಳು.

ಹತ್ತು ತಿಂಗಳು ಕಳೆದವು. ಮಸ್ಕಿಯಲ್ಲಿ ಅವನ ಎರಡನೇ ಮದುವೆಗೆ ಹೆಣ್ಣು ಗೊತ್ತಾಯಿತು. ಅಷ್ಟರಲ್ಲಿ ಆಕಳುಗಳು ಗಬ್ಬ ನಿಲ್ಲುತ್ತಿಲ್ಲವೆಂದು ದೂರು ಬಂದು, ಅಂಬಪ್ಪ ಹೋರಿಯನ್ನು ಲಿಂಗಸುಗೂರಿನ ದನದ ಡಾಕ್ಟರು ಶೇಕ್ಷಾವಲಿಯವರ ಬಳಿ ಹೊಡೆದುಕೊಂಡು ಹೋದ. ಡಾಕ್ಟರು ಹೋರಿಯ ಬೀಜದ ಒಂದು ಹನಿಯನ್ನು ಗಾಜಿಗಿಟ್ಟು, ಸೂಕ್ಷ್ಮದರ್ಶಕದಲ್ಲಿ ಅವನಿಗೂ ತೋರಿಸಿದರು. ಸಣ್ಣ ಸಣ್ಣ ಹುಳು ಬಾಲ ಬಡಿಯುತ್ತ ಕಿಕ್ಕಿರಿದಿದ್ದವು.

"ಬೀಜ ಚಲೋ ಐತಿ. ಹೋರಿ ದಣದೈತಿ, ಒಂದೀಟು ದಮ್ ತೊಗೊಳ್ಳಾಕ ಬಿಡು."

ಅಂಬಪ್ಪ ನಕ್ಕ. "ಇದ್ರಾಗ ಗಂಡಗರು ಯಾವು, ಹೆಣ್ಣಗರು ಯಾವು ಸಾಹೇಬ್ರ?"

"ಗಾಜಿನಾಗ ಗೊತ್ತಾಗಂಗಿಲ್ಲ. ಆದ್ರ ಅರ್ಧ ಅದು, ಅರ್ಧ ಇದು. ತೊಗರಿ ಒಡೆದು ಬ್ಯಾಳಿ ಆದ್ಹಂಗ, ಬೀಜ ಆಗೋ ಮುಂದ ಒಂದು ಒಡೆದು ಎರಡಾಗ್ತೈತಿ. ಒಂದು ಹೋಳಿನಾಗ ಗಂಡಿನ ಗುರುತು, ಇನ್ನೊಂದರಾಗ ಹೆಣ್ಣಿಂದು."

"ಆಕಳದ್ದು?"

"ಆಕಳ ತತ್ತಿಗೆಲ್ಲ ಹೆಣ್ಣಿನ ಗುರುತೊಂದ. ಗಂಡಾಗಬೇಕಂದ್ರ ಹೋರಿ ಕಡೆಯಿಂದನ ಬರಬೇಕು."

ಅಂಬಪ್ಪನ ನಗೆ ನಿಂತಿತು. "ಮನಷ್ಯಾರಾಗ?"

"ಮನಷ್ಯಾರಾಗೂ ಹಂಗ."

ದನದ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು, ಮನೆಯಲ್ಲಿ ಮಾತ್ರ ಆಕಳನ್ನು ಬೈದಿದ್ದ. ಹೊರಗೆ ಬಂದು ಹಗ್ಗ ಬಿಚ್ಚುವಾಗ ಹೋರಿಯ ಮುಖ ನೋಡಲಿಕ್ಕೂ ನಾಚಿಕೆಯಾಯಿತು. ಊರಿನ ದಾರಿ ಬಿಟ್ಟು, ಹೋರಿ ಹೊಡೆದುಕೊಂಡು ಮುದಗಲ್ಲಿಗೆ ನಡೆದ. ಪೇಟೆಯಲ್ಲಿ ಅಕ್ಕಿ, ಕೊಬ್ಬರಿ ಕೊಂಡು ಗಂಟು ಕಟ್ಟಿದ.

ಗದ್ದೆಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಂಬಪ್ಪ ಗಂಟನ್ನು ಅವಳ ಮುಂದಿಟ್ಟು ತಲೆ ತಗ್ಗಿಸಿದ. "ತಪ್ಪು ನಿಂದಲ್ಲ, ನಂದು. ಹೆಣ್ಣಾಗಿದ್ದು ನನ್ನಿಂದಂತ. ಡಾಕ್ಟರು ಹೇಳ್ಯಾರ. ಮಸ್ಕಿದು ಬಿಟ್ಟೆ. ಮನಿಗೆ ನಡಿ."

ಅವಳು ಗಂಟು ಮುಟ್ಟಲಿಲ್ಲ. "ಡಾಕ್ಟರು ಹೇಳಿದ ಮ್ಯಾಲೆ ನನ್ನ ತಪ್ಪು ಹೋತು. ಈ ಮೂರು ಹೆಣ್ಣ ಹುಡುಗ್ರು ಮಾತ್ರ ಇನ್ನೂ ತಪ್ಪಾಗೇ ಉಳದಾವಲ್ಲ?"

ಅಷ್ಟರಲ್ಲಿ ಕೂಸು ಅಂಬೆಗಾಲಿಡುತ್ತ ಹೋರಿಯ ಕಾಲ ಕಡೆಗೆ ಹೊರಟಿತು. ಕರೆಯಬೇಕೆಂದು ಅಂಬಪ್ಪ ಬಾಯಿ ತೆರೆದ. ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ದೊಡ್ಡ ಮಗಳು ಓಡಿ ಬಂದು ಕೂಸನ್ನು ಎತ್ತಿಕೊಂಡಳು.

"ಪೀರಮ್ಮ ಅಂತರೀ ಈಕಿ ಹೆಸರು" ಎಂದಳು, ಪರವೂರಿನವರಿಗೆ ಹೇಳುವಂತೆ.