ಮಾತ್ರೆಯ ಬಣ್ಣ ಕೆರೆದ ಬಣ್ಣದಜ್ಜ

ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ಎರಡು ತುತ್ತಿಗೇ "ಸಾಕು ರೀ, ಹೊಟ್ಟೆ ತುಂಬಿತು" ಎಂದು ತಟ್ಟೆ ಸರಿಸಿಬಿಡುತ್ತಿದ್ದರು. ವಾರದಿಂದ ಇದನ್ನೇ ನೋಡುತ್ತಿದ್ದ ಅಜ್ಜನಿಗೂ ಅನ್ನ ಇಳಿಯುತ್ತಿರಲಿಲ್ಲ.

ಅಜ್ಜ ಎಂದರೆ ಬೀದಿಗೆಲ್ಲ ಬಣ್ಣದಜ್ಜ. ನಲವತ್ತು ವರ್ಷದಿಂದ ಗೇಟು, ಕಿಟಕಿ, ಅಂಗಡಿ ಶಟರುಗಳಿಗೆ ಬಣ್ಣ ಬಳಿದವರು. ಕೆಲಸದಲ್ಲಿ ಪಳಗಿದ ಕೈ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ.

ತಿಂಗಳ ಹಿಂದೆ ಅಜ್ಜಿಯ ಮಂಡಿನೋವಿಗೆ ಡಾಕ್ಟರು ಕಿತ್ತಳೆ ಬಣ್ಣದ ಮಾತ್ರೆ ಬರೆದುಕೊಟ್ಟಿದ್ದರು. ಅಜ್ಜಿಗೆ ಮಾತ್ರೆ ನುಂಗುವುದೆಂದರೆ ಭಯ, ಗಂಟಲಲ್ಲೇ ಕೂತುಬಿಡುತ್ತದೆ ಎನ್ನುತ್ತಿದ್ದರು. ಅದಕ್ಕೆ ಅಜ್ಜನೇ ಉಪಾಯ ಹುಡುಕಿದರು. ತಿಂಡಿ ಆದ ಮೇಲೆ ಕಿಟಕಿಯ ಬೆಳಕಿಗೆ ಕೂತು, ಬ್ಲೇಡಿನಲ್ಲಿ ಮಾತ್ರೆಯ ಮೇಲಿನ ಬಣ್ಣವನ್ನು ಚೂರೂ ಉಳಿಯದಂತೆ ಕೆರೆಯುವರು. ಒಳಗಿನದನ್ನು ಚಮಚದಲ್ಲಿ ನುಣ್ಣಗೆ ಅರೆದು ಜೇನುತುಪ್ಪದಲ್ಲಿ ಕಲಸಿ ಕೊಡುವರು.

"ಬಣ್ಣಕ್ಕೆ ಏನೇನು ಬೆರೆಸ್ತಾರೆ ಅಂತ ನನಗೆ ಗೊತ್ತು ಕಣೇ. ಅದು ನಿನ್ನ ಹೊಟ್ಟೆಗೆ ಹೋಗೋದು ಬೇಡ."

ಒಂದು ಬೆಳಿಗ್ಗೆ ಎದುರು ಮನೆಯ ನರ್ಸಮ್ಮ, ತಮ್ಮ ಗೇಟಿಗೆ ಬಣ್ಣ ಹೊಡೆಯಲು ಯಾವಾಗ ಬರುತ್ತೀರಿ ಎಂದು ಕೇಳಲು ಬಂದರು. ಅಜ್ಜನ ಕೈಯಲ್ಲಿ ಬ್ಲೇಡು ಕಂಡು ಬಾಗಿಲಲ್ಲೇ ನಿಂತರು.

"ಅಜ್ಜ, ಇದೇನು ಮಾಡ್ತಿದ್ದೀರಿ?"

"ಮಾತ್ರೆ ಸಿಪ್ಪೆ ಸುಲೀತಿದ್ದೀನಮ್ಮ."

ನರ್ಸಮ್ಮ ಮಾತ್ರೆಯ ಹಾಳೆಯನ್ನು ತಿರುಗಿಸಿ ಓದಿದರು. "ಇದನ್ನ ಕೆರೀಬಾರದು, ಪುಡಿ ಮಾಡಬಾರದು, ಅಗಿಯಲೂಬಾರದು. ಇಡಿಯಾಗಿ ನುಂಗಬೇಕು."

"ನೋಡು ತಾಯಿ, ಸೂಜಿ ಚುಚ್ಚೋದನ್ನ ನಾನು ನಿನಗೆ ಕಲಿಸ್ತೀನಾ? ಬಣ್ಣದ ವಿಷಯ ನನಗೆ ಬಿಡು. ಹೊಟ್ಟೆಗೆ ಹೋದ ಮೇಲೆ ಇಡಿ ಆದರೇನು, ಪುಡಿ ಆದರೇನು?"

"ಸರಿ. ನಮ್ಮ ಗೇಟಿಗೆ ಮೊದಲು ಪ್ರೈಮರ್ ಹೊಡೀತೀರಲ್ಲ, ಅಂದಕ್ಕಾ?"

"ಅಂದ ಎಲ್ಲಿ ಬಂತು! ತುಕ್ಕು ಹಿಡೀಬಾರದು ಅಂತ."

"ಇದೂ ಅಂದಕ್ಕಲ್ಲ ಅಜ್ಜ. ಈ ಔಷಧಿ ಹೊಟ್ಟೆಯ ಒಳಪದರಕ್ಕೆ ತುಂಬಾ ಖಾರ. ಅದಕ್ಕೇ ಮೇಲೊಂದು ಲೇಪ ಕೊಟ್ಟಿರ್ತಾರೆ. ಅದು ಹೊಟ್ಟೆಯಲ್ಲಿ ಕರಗಲ್ಲ, ಮುಂದೆ ಕರುಳಿಗೆ ಹೋಗಿ ಕರಗುತ್ತೆ. ನೀವು ಅದನ್ನೇ ಕೆರೆದು ಬಿಸಾಕ್ತಿದ್ದೀರಿ."

ಅಜ್ಜನ ಕೈ ನಿಂತಿತು. ನರ್ಸಮ್ಮ ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಕೇಳಿದರು. "ಹೊಟ್ಟೆ ಉರಿಯುತ್ತಾ ಅಜ್ಜಿ? ಮಲ ಕಪ್ಪಗೆ ಹೋಗ್ತಿದೆಯಾ?"

ಅಜ್ಜಿ ಗಂಡನ ಮುಖ ನೋಡಿ ತಲೆ ತಗ್ಗಿಸಿದರು. "ಉರಿ ಹತ್ತು ದಿನದಿಂದ ಇದೆ. ಕಪ್ಪಗಾಗಿದ್ದು ನಿನ್ನೆಯಿಂದ."

"ಹಾಗಾದರೆ ಒಳಗೆ ರಕ್ತ ಹೋಗ್ತಿರಬಹುದು. ಈಗಲೇ ಆಸ್ಪತ್ರೆಗೆ ಹೋಗೋಣ, ಏಳಿ."

ಅಜ್ಜ ಬ್ಲೇಡು ಬದಿಗಿಟ್ಟು ಹೆಂಡತಿಯ ಕಡೆ ತಿರುಗಿದರು. "ನನಗೆ ಯಾಕೆ ಹೇಳಲಿಲ್ಲ ಕಣೇ?"

"ನೀವು ಕನ್ನಡಕ ಹಾಕ್ಕೊಂಡು, ಉಸಿರು ಬಿಗಿಹಿಡಿದು ಕೆರೀತಾ ಕೂತಿರ್ತಿದ್ರಿ. ಅದನ್ನ ನೋಡಿ ಬೇಡ ಅಂತ ಹೇಗೆ ಅನ್ನಲಿ?"

ಅಜ್ಜ ಚಪ್ಪಲಿ ಮೆಟ್ಟುವುದನ್ನೂ ಮರೆತು ಆಟೋ ಕರೆಯಲು ಓಡಿದರು.

ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ಅಜ್ಜಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಸದ್ಯ, ಸಮಯಕ್ಕೆ ಬಂದಿರಿ ಎಂದರು ಡಾಕ್ಟರು. ನೋವಿನ ಮಾತ್ರೆ ನಿಲ್ಲಿಸಿ ಮಂಡಿಗೆ ಮುಲಾಮು ಕೊಟ್ಟರು, ಹುಣ್ಣಿಗೆ ಬೇರೆ ಮಾತ್ರೆ ಬರೆದರು. "ಇದಕ್ಕೂ ಲೇಪ ಇದೆ. ಇಲ್ಲಿ ಕಾರಣ ಬೇರೆ. ಪುಡಿ ಮಾಡಿದರೆ ಹೊಟ್ಟೆಯ ಆಮ್ಲವೇ ಔಷಧಿಯನ್ನ ಕೆಡಿಸಿಬಿಡುತ್ತೆ, ಗುಣ ಆಗಲ್ಲ" ಎಂದು ಬಿಡಿಸಿ ಹೇಳಿದರು.

ಮನೆಗೆ ಬಂದ ಮರುದಿನ ನರ್ಸಮ್ಮ ನುಂಗುವ ರೀತಿ ತೋರಿಸಿದರು. ನೆಟ್ಟಗೆ ಕೂತು, ಮೊದಲು ಒಂದು ಗುಟುಕು ನೀರು. ಆಮೇಲೆ ಮಾತ್ರೆ ನಾಲಿಗೆಯ ಮೇಲಿಟ್ಟು, ಗದ್ದ ಸ್ವಲ್ಪ ತಗ್ಗಿಸಿ ಮತ್ತೆ ನೀರು. ಅಜ್ಜಿ ಕಣ್ಣು ಮುಚ್ಚಿದರು. ಕೆರೆಯಲು ಏನೂ ಇಲ್ಲದೆ ಅಜ್ಜನ ಕೈ ತಡವರಿಸಿ, ಕೊನೆಗೆ ಹೆಂಡತಿಯ ಕೈ ಹಿಡಿದುಕೊಂಡಿತು.

"ಹೋಯ್ತಾ?"

"ಹೋಯ್ತು ರೀ. ಕೈ ಬಿಡಿ, ನೋಯ್ತಿದೆ" ಎಂದು ಅಜ್ಜಿ ನಕ್ಕರು. ಅಜ್ಜ ಕಣ್ಣೊರೆಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಮಾತ್ರೆಯೂ ಒಂದೇ ಅಲ್ಲ. ಕೆರೆಯುವ, ಮುರಿಯುವ, ಪುಡಿ ಮಾಡುವ ಮೊದಲು ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ನುಂಗಲು ಕಷ್ಟವಾದರೆ ನಾಚಿಕೆ ಬೇಡ, ಹೇಳಿ. ಬೇರೆ ದಾರಿ ಇರುತ್ತದೆ. ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇವತ್ತೇ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು ಕೇಳಿ: ಮಾತ್ರೆ ಹೇಗೆ ತಗೋತಿದ್ದೀರಿ, ಹೊಟ್ಟೆ ಉರಿಯುತ್ತಾ? ನಿಮ್ಮ ಮನಸ್ಸು ನೋಯಬಾರದೆಂದು ಅವರು ಏನೂ ಇಲ್ಲ ಎನ್ನಬಹುದು. ಇನ್ನೊಂದು ಸಲ ಕೇಳಿ.